ವಿಬಿ ಸಿಕ್ಸ್ ಬಿಡದವರ ಪರವಾಗಿ

ಕಂಪ್ಯೂಟರ್ ಕೆಲಸದವರನ್ನು ಅವಮಾನ ಮಾಡಬೇಕೆಂದರೆ ಬೈಯಬೇಕಾಗಿಲ್ಲ. ‘ಓ, ನೀವಿನ್ನೂ ಅದನ್ನೇ ಬಳಸ್ತಿದ್ದೀರಾ?’ ಎಂದು ಕೇಳಿದರೆ ಸಾಕು. ಆ ‘ಇನ್ನೂ’ ಎಂಬ ಒಂದು ಪದದಲ್ಲಿ ಸೋಮಾರಿತನ, ವಯಸ್ಸು, ಭಯ, ಹಳ್ಳಿತನ ಎಲ್ಲವನ್ನೂ ತುಂಬಿ ಕೊಡಬಹುದು. ಈ ‘ಇನ್ನೂ’ ಅನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಯಾಕೆಂದರೆ 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6.0 ಎಂಬ ತಂತ್ರಾಂಶದಲ್ಲಿ ನಾನು ಇನ್ನೂ ಪ್ರೋಗ್ರಾಂ ಬರೆಯುತ್ತೇನೆ. ಬರೆದು ಸಂಬಳ, ಸಂಭಾವನೆ ಪಡೆಯುತ್ತೇನೆ. ಅದರಲ್ಲಿ ನನಗೆ ನಾಚಿಕೆಯೂ ಇಲ್ಲ, ಹಳೆಯ ಕಾಲದ ಮೇಲಿನ ಮೋಹವೂ ಇಲ್ಲ. ಗ್ರಾಮಫೋನ್ ತಟ್ಟೆ ಕೂಡಿಡುವವರ ಜಾತಿಗೆ ನಾನು ಸೇರಿದವನಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೀರಿ ಎಂದು ಕೇಳಬಹುದು. ನಿಮ್ಮ ಕಪಾಟಿನಲ್ಲಿರುವ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಪುಟಗಳು ಕಟ್ಟಿಸಿಕೊಂಡಿದ್ದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 2001ರದು. ಡಿಟಿಪಿ ಅಂಗಡಿಯ ಹುಡುಗಿ ಅದನ್ನು ಬಿಡಲಿಲ್ಲ, ಯಾಕೆಂದರೆ ಅವಳ ಕೈ, ಅವಳ ಫಾಂಟು, ಅವಳ ಹಳೆಯ ಕಡತಗಳು ಎಲ್ಲವೂ ಅಲ್ಲಿದ್ದವು. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಡಾಸ್ ಯಂತ್ರದ ಮೇಲೆ ವರ್ಡ್‌ಸ್ಟಾರ್ 4.0ರಲ್ಲಿ ಬರೆಯುತ್ತಾರೆಂದು ಎಲ್ಲರಿಗೂ ಗೊತ್ತು. ಅವರು ಮಾಡಿದರೆ ಅದು ಲೇಖಕನ ಶಿಸ್ತು, ಚಂದದ ಹುಚ್ಚು. ಶಿವಮೊಗ್ಗದ ಅಡಿಕೆ ಮಂಡಿಗೆ ಲೆಕ್ಕದ ಪ್ರೋಗ್ರಾಂ ಬರೆಯುವವನು ಮಾಡಿದರೆ ‘ಅಪ್‌ಡೇಟ್ ಆಗದ ಮನುಷ್ಯ’. ಈ ತಾರತಮ್ಯದ ಬಗ್ಗೆ ನನಗೆ ತಕರಾರಿದೆ.

ಮೊದಲು ವಿಷುಯಲ್ ಬೇಸಿಕ್ ಏನಾಗಿತ್ತು ಎನ್ನುವುದನ್ನು ಹೇಳಬೇಕು. ಬೇಸಿಕ್ ಎಂಬ ಭಾಷೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟರು ಅದನ್ನು ಮಾಡಿದ್ದು ಎಂಜಿನಿಯರುಗಳಿಗಾಗಿ ಅಲ್ಲ. ಇತಿಹಾಸ, ಸಾಹಿತ್ಯ ಓದುವ ಹುಡುಗರೂ ಕಂಪ್ಯೂಟರಿನ ಮುಂದೆ ಕೂತು ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿ ಎಂಬುದು ಅವರ ಆಸೆ. 1991ರಲ್ಲಿ ಮೈಕ್ರೋಸಾಫ್ಟ್ ಆ ಆಸೆಗೆ ಒಂದು ಮುಖ ಕೊಟ್ಟಿತು. ಆಲನ್ ಕೂಪರ್ ಎಂಬವರು ರೂಪಿಸಿದ್ದ ಪರದೆ ಕಟ್ಟುವ ಉಪಕರಣಕ್ಕೆ ಬೇಸಿಕ್ ಭಾಷೆಯನ್ನು ಜೋಡಿಸಿದರು. ಅದೇ ವಿಷುಯಲ್ ಬೇಸಿಕ್. ಖಾಲಿ ಹಾಳೆಯಂಥ ಒಂದು ಫಾರಂ. ಪಕ್ಕದಲ್ಲಿ ಬಟನ್, ಪೆಟ್ಟಿಗೆ, ಪಟ್ಟಿಗಳ ಡಬ್ಬಿ. ಬೇಕಾದ್ದನ್ನು ಎತ್ತಿ ಹಾಳೆಯ ಮೇಲೆ ಇಡುವುದು. ಬಟನ್ ಮೇಲೆ ಎರಡು ಸಲ ಒತ್ತಿದರೆ ‘ಇದನ್ನು ಒತ್ತಿದಾಗ ಏನಾಗಬೇಕು?’ ಎಂದು ಕೇಳುವ ಹಾಗೆ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ನಾಲ್ಕು ಸಾಲು ಬರೆದು ಎಫ್5 ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ಓಡುವಾಗ ಎಡವಿ ನಿಂತರೆ, ನಿಂತ ಸಾಲನ್ನು ಅಲ್ಲೇ ತಿದ್ದಿ ಮುಂದುವರಿಸಬಹುದು. ಮೊದಲಿನಿಂದ ಶುರು ಮಾಡಬೇಕಿಲ್ಲ.

ಈ ಕೊನೆಯ ಮಾತನ್ನು ಬರೆಯುವವರು ಅರ್ಥ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೇನೆ. ಒಂದು ವಾಕ್ಯ ತಿದ್ದಿದ್ದಕ್ಕೆ ಇಡೀ ಅಧ್ಯಾಯವನ್ನು ಮೊದಲಿನಿಂದ ಟೈಪು ಮಾಡಬೇಕು ಎಂದರೆ ನೀವು ಎಷ್ಟು ವಾಕ್ಯ ತಿದ್ದುತ್ತೀರಿ? ತಿದ್ದುವುದು ಅಗ್ಗವಾದಾಗ ಮಾತ್ರ ಮನುಷ್ಯ ಧಾರಾಳವಾಗಿ ತಿದ್ದುತ್ತಾನೆ.

ಇದರಿಂದ ಏನಾಯಿತು ಎಂದರೆ ನಮ್ಮಂಥ ಊರುಗಳಲ್ಲಿ ಒಂದು ಹೊಸ ಕಸುಬು ಹುಟ್ಟಿತು. ಬಿ.ಕಾಂ. ಮಾಡಿದವರು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವರು, ಟೈಪಿಂಗ್ ಕ್ಲಾಸಿನ ಮೇಲಿನ ಮಹಡಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವರು, ಇವರೆಲ್ಲ ಸೊಸೈಟಿಗೆ, ಶಾಲೆಯ ಶುಲ್ಕದ ಕೌಂಟರಿಗೆ, ಔಷಧಿ ಅಂಗಡಿಗೆ, ರೈಸ್ ಮಿಲ್ಲಿಗೆ ಪ್ರೋಗ್ರಾಂ ಬರೆದುಕೊಟ್ಟರು. ಅವರಲ್ಲಿ ನಾನೊಬ್ಬ. ನನ್ನ ಮುಖ್ಯ ಗಿರಾಕಿ ಒಂದು ಅಡಿಕೆ ಮಂಡಿ. ಹೊರಗಿನಿಂದ ನೋಡಿದವರಿಗೆ ಮಂಡಿಯ ಲೆಕ್ಕ ಸುಲಭ ಎನ್ನಿಸುತ್ತದೆ: ಚೀಲ ತೂಗು, ದರದಿಂದ ಗುಣಿಸು. ಒಳಗೆ ಬಂದರೆ ಗೊತ್ತಾಗುತ್ತದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಒಂದೊಂದಕ್ಕೆ ಒಂದೊಂದು ದರ. ಒಬ್ಬನೇ ರೈತನ ಮಾಲು ಮೂರು ಲಾಟಾಗಿ ಮೂವರು ಖರೀದಿದಾರರಿಗೆ ಹೋಗಬಹುದು. ಹಮಾಲಿ, ತೂಕದ ಕೂಲಿ ಕಳೆಯಬೇಕು. ಮಳೆಗಾಲದಲ್ಲಿ ಮಗಳ ಮದುವೆಗೆಂದು ತೆಗೆದುಕೊಂಡ ಮುಂಗಡಕ್ಕೆ ಬಡ್ಡಿ ಹಾಕಬೇಕು, ಆದರೆ ಕೆಲವರಿಗೆ ಯಜಮಾನರು ಬಡ್ಡಿ ಬಿಡುತ್ತಾರೆ, ಯಾರಿಗೆ ಬಿಡುತ್ತಾರೆ ಎನ್ನುವುದು ಅವರಿಗೂ ಗುಮಾಸ್ತರಿಗೂ ಮಾತ್ರ ಗೊತ್ತು. ಇದನ್ನೆಲ್ಲ ಪ್ರೋಗ್ರಾಂ ಒಳಗೆ ತರಲು ನನಗೆ ಎರಡು ವರ್ಷ ಹಿಡಿಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದಕ್ಕೆ ಕಾಲಂ ಸೇರಿಸಿದೆ. ಆ ಸಂಕೇತದ ಸಾಲುಗಳಲ್ಲಿ ಆ ಮಂಡಿಯ ಬುದ್ಧಿ ಇದೆ, ಜೊತೆಗೆ ಸ್ವಲ್ಪ ದಾಕ್ಷಿಣ್ಯವೂ ಇದೆ.

ಈಗ 2002ಕ್ಕೆ ಬರೋಣ. ಆ ವರ್ಷದ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ವಿಷುಯಲ್ ಬೇಸಿಕ್ ಡಾಟ್‌ನೆಟ್ ಬಿಡುಗಡೆ ಮಾಡಿತು. ಆರರ ನಂತರದ ಏಳು ಎಂದು ಎಲ್ಲರೂ ಅಂದುಕೊಂಡರು. ಬಂದದ್ದು ಏಳಲ್ಲ. ಮನೆಯ ನಾಮಫಲಕ ಅದೇ, ಒಳಗೆ ಬೇರೆ ಸಂಸಾರ. ಹಳಬರು ಅದಕ್ಕೆ ‘ವಿಷುಯಲ್ ಫ್ರೆಡ್’ ಎಂದು ಅಡ್ಡಹೆಸರಿಟ್ಟರು: ಇದು ಬೇರೆಯೇ ಭಾಷೆ, ಬೇಕಾದರೆ ಬೇರೆ ಹೆಸರಿಡಿ, ನಮ್ಮ ಭಾಷೆಯ ಹೆಸರನ್ನು ಬಿಡಿ ಎಂಬ ಅರ್ಥದಲ್ಲಿ.

ಏನೇನು ಬದಲಾಯಿತು? ವಿಬಿ 6ರಲ್ಲಿ ‘ಇಂಟಿಜರ್’ ಎಂದರೆ 16 ಬಿಟ್, ‘ಲಾಂಗ್’ ಎಂದರೆ 32 ಬಿಟ್. ಹೊಸದರಲ್ಲಿ ಅದೇ ಪದಗಳಿಗೆ 32 ಮತ್ತು 64. ಕೇಳಲು ಒಳ್ಳೆಯದೇ. ಆದರೆ ಹಳೆಯ ಪ್ರೋಗ್ರಾಂ ಡಿಸ್ಕಿಗೆ ಬರೆದಿಟ್ಟ ದಾಖಲೆಗಳನ್ನು ಹೊಸದು ಅದೇ ವ್ಯಾಖ್ಯೆಯಿಂದ ಓದಲು ಹೋದರೆ ಎರಡು ಬೈಟ್ ಇರುವಲ್ಲಿ ನಾಲ್ಕು ಓದುತ್ತದೆ, ಮುಂದಿನದೆಲ್ಲ ಜರುಗಿಹೋಗುತ್ತದೆ. ಒಂದೇ ಹೆಸರಿನ ಹತ್ತು ಬಟನ್‌ಗಳನ್ನು ಸಂಖ್ಯೆಯಿಂದ ಕರೆಯುವ ಅನುಕೂಲ ಹೋಯಿತು. ‘ವೇರಿಯಂಟ್’ ಹೋಯಿತು. ಓಡುವಾಗಲೇ ತಿದ್ದಿ ಮುಂದುವರಿಸುವ, ನಾನು ಮೇಲೆ ಹೊಗಳಿದ ಆ ಸೌಲಭ್ಯ ಹೋಯಿತು. ಅದು ವಾಪಸ್ ಬಂದದ್ದು 2005ರ ಆವೃತ್ತಿಯಲ್ಲಿ. 2001ರ ಬೀಟಾ ಆವೃತ್ತಿ ನೋಡಿದ ಜನ ಎಷ್ಟು ಗಲಾಟೆ ಮಾಡಿದರೆಂದರೆ ‘ಟ್ರೂ’ ಎಂಬುದರ ಬೆಲೆ ಮೈನಸ್ ಒಂದೇ ಇರಲಿ ಎಂಬಂಥ ಕೆಲವು ವಿಷಯಗಳಲ್ಲಿ ಕಂಪನಿ ಹಿಂದೆ ಸರಿಯಬೇಕಾಯಿತು. ಸತ್ಯದ ಬೆಲೆ ಎಷ್ಟೆಂದು ಜಗಳವಾಡಿ ಗೆದ್ದ ಬಳಕೆದಾರರು ಬೇರೆಲ್ಲೂ ಇರಲಾರರು.

ನನ್ನ ಕಸುಬಿಗೆ ಹೆಚ್ಚು ತಟ್ಟಿದ್ದು ಮುದ್ರಣದ ವಿಷಯ. ಮಂಡಿಯಲ್ಲಿ ರೈತನಿಗೆ ಕೊಡುವ ಪಟ್ಟಿ ಇಂದಿಗೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಹೊಡೆಯುವುದು. ಕಾರ್ಬನ್ ಪ್ರತಿ ಬೇಕಲ್ಲ! ವಿಬಿ 6ರಲ್ಲಿ ಪ್ರಿಂಟರಿನ ಪೋರ್ಟನ್ನು ಒಂದು ಫೈಲಿನ ಹಾಗೆ ತೆರೆಯಬಹುದು. ‘ಎಲ್‌ಪಿಟಿ1’ ತೆರೆ, ಈ ಸಾಲು ಬರೆ, ಮುಚ್ಚು. ಮೂರು ಸಾಲಿನ ಸಂಕೇತ. ಪ್ರಿಂಟರು ತನ್ನೊಳಗಿನ ಅಕ್ಷರಗಳಲ್ಲಿ ಕರಕರ ಎಂದು ಕ್ಷಣದಲ್ಲಿ ಹೊಡೆದು ಎಸೆಯುತ್ತದೆ. ಡಾಟ್‌ನೆಟ್‌ನಲ್ಲಿ ಅದೇ ರೀತಿ ತೆರೆಯಲು ಹೋದರೆ, ಇದು ಫೈಲಲ್ಲ, ಸಾಧನ ಎಂದು ನಿರಾಕರಿಸುತ್ತದೆ. ವಿಬಿ 6ರ ‘ಪ್ರಿಂಟರ್’ ಎಂಬ ಸರಳ ವಸ್ತುವನ್ನೂ ತೆಗೆದಿದ್ದರು. ಅದರ ಬದಲು ಪುಟವನ್ನು ಚಿತ್ರದಂತೆ ಬಿಡಿಸಿ ಕಳುಹಿಸುವ ವಿಧಾನ ಬಂತು. ಲೇಸರ್ ಪ್ರಿಂಟರಿಗೆ ಸರಿ. ಡಾಟ್ ಮ್ಯಾಟ್ರಿಕ್ಸ್ ಮಾತ್ರ ಪ್ರತಿ ಸಾಲನ್ನೂ ರಂಗೋಲಿ ಚುಕ್ಕಿಯ ಹಾಗೆ ಇಟ್ಟುಕೊಂಡು ಹೋಗುತ್ತದೆ. ಸುತ್ತುಬಳಸಿನ ದಾರಿಗಳಿದ್ದವು, ಇಲ್ಲವೆನ್ನುವುದಿಲ್ಲ. ವಿಂಡೋಸಿನ ಒಳಗಿನ ಫಂಕ್ಷನ್‌ಗಳನ್ನು ನೇರವಾಗಿ ಕರೆದು ಸಾಧಿಸಬಹುದಿತ್ತು. ಆದರೆ ಮೂರು ಸಾಲಿನ ಕೆಲಸಕ್ಕೆ ಐವತ್ತು ಸಾಲು ಬರೆಸುವುದನ್ನು ನಾನು ಪ್ರಗತಿ ಎಂದು ಕರೆಯಲಾರೆ.

ಇನ್ನು ಗಾತ್ರ. ವಿಬಿ 6ರ ಪ್ರೋಗ್ರಾಂ ಓಡಲು ಬೇಕಾದ ಮುಖ್ಯ ಕಡತ ಒಂದೂವರೆ ಎಂಬಿಯೊಳಗೆ ಮುಗಿಯುತ್ತದೆ. ಡಾಟ್‌ನೆಟ್‌ನ ಮೊದಲ ಆವೃತ್ತಿಗಳನ್ನು ಗಿರಾಕಿಯ ಯಂತ್ರಕ್ಕೆ ಹಾಕಲು ಇಪ್ಪತ್ತಕ್ಕೂ ಹೆಚ್ಚು ಎಂಬಿ ಬೇಕಿತ್ತು. ಟೆಲಿಫೋನ್ ತಂತಿಯ ಇಂಟರ್‌ನೆಟ್ಟಿನ ಕಾಲದಲ್ಲಿ, ಫ್ಲಾಪಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೋಗುತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ಹಳೆಯ ಸಂಕೇತವನ್ನು ಹೊಸದಕ್ಕೆ ಬದಲಿಸಲು ಒಂದು ‘ಅಪ್‌ಗ್ರೇಡ್ ವಿಝಾರ್ಡ್’ ಕೊಟ್ಟಿದ್ದರು. ದೊಡ್ಡ ಪ್ರೋಗ್ರಾಂ ಕೊಟ್ಟರೆ ಅದು ವಾಪಸ್ ಕೊಡುತ್ತಿದ್ದುದು ‘ಇಲ್ಲಿ ಕೈಯಿಂದ ಸರಿಮಾಡಿ’ ಎಂಬ ಟಿಪ್ಪಣಿಗಳ ಕಾಡು. 2010ರ ಆವೃತ್ತಿಯಲ್ಲಿ ಆ ವಿಝಾರ್ಡನ್ನೂ ತೆಗೆದರು. ಇದರ ಮಧ್ಯೆ 2005ರ ಮಾರ್ಚಿನಲ್ಲಿ, ಮೈಕ್ರೋಸಾಫ್ಟೇ ‘ಎಂವಿಪಿ’ ಎಂಬ ಬಿರುದು ಕೊಟ್ಟು ಗೌರವಿಸಿದ್ದ ನೂರಕ್ಕೂ ಹೆಚ್ಚು ಪರಿಣತರು ಮನವಿಗೆ ಸಹಿ ಹಾಕಿದರು. ಹೊಸದನ್ನು ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ಹಳೆಯದನ್ನೂ ಅದರ ಪಕ್ಕದಲ್ಲಿ ಬೆಳೆಯಲು ಬಿಡಿ, ನಮ್ಮ ಸಂಕೇತವನ್ನು ಅನಾಥ ಮಾಡಬೇಡಿ ಎಂದರು. ಅದೇ ತಿಂಗಳ ಕೊನೆಗೆ ವಿಬಿ 6ಕ್ಕಿದ್ದ ಮುಖ್ಯ ಬೆಂಬಲ ಮುಗಿಯಿತು. 2008ರ ಏಪ್ರಿಲ್‌ನಲ್ಲಿ ಉಳಿದದ್ದೂ ಮುಗಿಯಿತು.

ಇದನ್ನು ‘ಅಭಿವೃದ್ಧಿ’ ಎಂದು ಒಪ್ಪಿಕೊಳ್ಳದವರನ್ನು ಸೋಮಾರಿಗಳು ಎನ್ನುವುದು ಅನ್ಯಾಯ. ಸೋಮಾರಿತನ ಅಂದರೆ ಕೆಲಸ ತಪ್ಪಿಸುವುದು. ಆದರೆ ಇಲ್ಲಿ ಕೇಳಿದ ಕೆಲಸ ಯಾವುದು? ಈಗಾಗಲೇ ಸರಿಯಾಗಿ ನಡೆಯುತ್ತಿರುವುದನ್ನು ಮತ್ತೊಮ್ಮೆ ಬರೆದು, ಮತ್ತೊಮ್ಮೆ ಪರೀಕ್ಷಿಸಿ, ಹೆಚ್ಚೆಂದರೆ ಮೊದಲು ಎಲ್ಲಿದ್ದೆವೋ ಅಲ್ಲಿಗೇ ಬಂದು ನಿಲ್ಲುವುದು. ಗದ್ದೆಯ ಅಂಚನ್ನು ಒಡೆದು ಅಲ್ಲೇ ಇನ್ನೊಂದು ಅಂಚು ಕಟ್ಟಿ ಎಂದಂತೆ. ಜೋಯಲ್ ಸ್ಪೋಲ್ಸ್ಕಿ ಎಂಬ ಪ್ರೋಗ್ರಾಮರ್ 2000ದಲ್ಲೇ ಇದರ ಬಗ್ಗೆ ಬರೆದಿದ್ದರು. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರನ್ನು ಮೊದಲಿನಿಂದ ಬರೆಯಲು ಕೂತು ಸುಮಾರು ಮೂರು ವರ್ಷ ಕಳೆದುಕೊಂಡಿತು, ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು. ಹಳೆಯ ಸಂಕೇತ ನೋಡಲು ಗಲೀಜು, ನಿಜ. ಆದರೆ ಆ ಗಲೀಜಿನ ಒಂದೊಂದು ಸಾಲೂ ಯಾರೋ ಗಿರಾಕಿ ಫೋನ್ ಮಾಡಿ ಬೈದ ನಂತರ ಸೇರಿಸಿದ್ದು ಎನ್ನುವುದು ಅವರ ವಾದದ ತಿರುಳು. ನನ್ನ ಅನುಭವವೂ ಅದೇ.

ಅನುಭವ ಎಂದಾಗ ಒಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಮಂಡಿಯ ಯಜಮಾನರ ಮಗ ಓದು ಮುಗಿಸಿ ಬಂದ. ಬುದ್ಧಿವಂತ ಹುಡುಗ, ನನ್ನ ಮೇಲೆ ಗೌರವವೂ ಇತ್ತು. ‘ಅಂಕಲ್, ಬೇಜಾರು ಮಾಡ್ಕೋಬೇಡಿ, ಇದು ತುಂಬ ಹಳೇದಾಯ್ತು’ ಎಂದು ಬೆಂಗಳೂರಿನ ಒಂದು ಕಂಪನಿಗೆ ಹೊಸ ತಂತ್ರಾಂಶ ಮಾಡಲು ಕೊಟ್ಟ. ಬೇಜಾರೇನೂ ಆಗಲಿಲ್ಲ, ನನ್ನ ಪ್ರೋಗ್ರಾಂನ ಒಳಹೊರಗನ್ನು ಕಂಪನಿಯವರಿಗೆ ಎರಡು ದಿನ ಕೂತು ವಿವರಿಸಿದೆ. ಅವರು ಬಡ್ಡಿ ಬಿಡುವ ಭಾಗ ಬಂದಾಗ ‘ಇದು ಸ್ಟ್ಯಾಂಡರ್ಡ್ ಅಲ್ಲ ಸರ್’ ಎಂದರು. ಹೊಸದು ಸುಗ್ಗಿಯ ಹೊತ್ತಿಗೆ ಶುರುವಾಯಿತು. ಪರದೆ ಚಂದ, ಫೋನಿನಲ್ಲೂ ನೋಡಬಹುದು. ಒಂದು ಪಟ್ಟಿ ಹೊರಬರಲು ಮಾತ್ರ ಚಹಾ ಕುಡಿದು ಬರುವಷ್ಟು ಹೊತ್ತು. ಹೊರಗೆ ರೈತರ ಸಾಲು. ನಲವತ್ತು ವರ್ಷ ಅಲ್ಲೇ ಕೂತ ಗುಮಾಸ್ತರು ನನಗೆ ಫೋನ್ ಮಾಡಿದರು.

‘ತಮ್ಮಾ, ನಿನ್ನ ಹಳೇದು ಇನ್ನೂ ಉಂಟಾ, ಅಳಿಸಿ ಹಾಕಿದ್ಯಾ?’

‘ಉಂಟು ರಾಯರೇ. ಆ ಮೂಲೇಲಿರೋ ಮಷೀನಲ್ಲೇ ಉಂಟು.’

‘ಹಾಗಿದ್ರೆ ಹೇಗೆ ಶುರು ಮಾಡೋದು ಅಂತ ಈ ಹುಡುಗನಿಗೆ ಹೇಳು ಮಾರಾಯ. ಇವತ್ತು ರಾತ್ರಿ ಹನ್ನೆರಡಾದರೂ ನಾವು ಮನೆಗೆ ಹೋಗೋ ಹಾಗೆ ಕಾಣಲ್ಲ.’

ಆ ಹುಡುಗ ಯಜಮಾನರ ಮಗನೇ. ಹೊಸ ತಂತ್ರಾಂಶದ ಒಂದು ಭಾಗ ಈಗಲೂ ಅಲ್ಲಿದೆ, ದರ ನೋಡಲು ಬಳಸುತ್ತಾರೆ, ಅದಕ್ಕೆ ಅದು ಚೆನ್ನಾಗಿದೆ. ಪಟ್ಟಿ ಹೊಡೆಯುವುದು ಹಳೆಯದೇ.

ಈಗ ನನ್ನ ವಿರುದ್ಧದ ವಾದಗಳು. ಸುರಕ್ಷತೆಯದ್ದು ದೊಡ್ಡ ಗದ್ದಲ, ಆದರೆ ಸಣ್ಣ ವಾದ. ಇಂಟರ್‌ನೆಟ್ಟಿಗೆ ಬಾಯ್ತೆರೆದು ನಿಲ್ಲುವ ತಂತ್ರಾಂಶವನ್ನು ಬೆಂಬಲ ನಿಂತ ಉಪಕರಣದಲ್ಲಿ ಯಾರೂ ಬರೆಯಬಾರದು, ನಾನೂ ಬರೆಯುವುದಿಲ್ಲ. ಮೂಲೆಯ ಮಷೀನಿನಲ್ಲಿ ಕೂತು ಪಟ್ಟಿ ಹೊಡೆಯುವ ಪ್ರೋಗ್ರಾಂ ಹಾಗೆ ನಿಂತಿಲ್ಲ. ಅಲ್ಲದೆ, ವಿಬಿ 6ರಲ್ಲಿ ಬರೆದ ಪ್ರೋಗ್ರಾಂ ಓಡಿಸುವ ಕಡತಗಳನ್ನು ವಿಂಡೋಸ್ 11ರ ಜೊತೆಗೂ ಮೈಕ್ರೋಸಾಫ್ಟ್ ಕೊಡುತ್ತಿದೆ, ಅವು ಓಡುತ್ತವೆಂದು ತಾನೇ ಹೇಳಿಕೊಂಡಿದೆ. ಬರೆಯುವ ಉಪಕರಣ ಸತ್ತಿದೆ, ಬರೆದದ್ದು ಬದುಕಿದೆ. ಅದು ಓಡದಿದ್ದರೆ ಎಷ್ಟು ಅಂಗಡಿಗಳ ಬಾಗಿಲು ಮುಚ್ಚುತ್ತದೆಂದು ಅವರಿಗೆ ಗೊತ್ತಿದೆ.

ನಿಜವಾಗಿ ಭಾರವಾದ ವಾದ ಬೇರೆ, ಮತ್ತು ಅದನ್ನು ನನ್ನ ಎದುರಾಳಿಗಳು ಯಾರೂ ಎತ್ತುವುದಿಲ್ಲ. ಅದು ಕನ್ನಡದ್ದು. ವಿಬಿ 6 ತನ್ನ ಒಳಗೆ ಅಕ್ಷರಗಳನ್ನು ಯುನಿಕೋಡ್‌ನಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಅದರ ಜೊತೆ ಬರುವ ಪೆಟ್ಟಿಗೆಗಳು, ಬಟನ್‌ಗಳು ಹಳೆಯ ಆನ್ಸಿ ಪದ್ಧತಿಯವು. ಕನ್ನಡಕ್ಕೆ ಆ ಪದ್ಧತಿಯಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಯುನಿಕೋಡ್‌ನಲ್ಲಿರುವ ‘ಮಂಜಪ್ಪ’ ಎಂಬ ಹೆಸರನ್ನು ಅಲ್ಲಿ ಹಾಕಿದರೆ ಸಾಲಾಗಿ ಪ್ರಶ್ನೆ ಚಿಹ್ನೆಗಳು ಮೂಡುತ್ತವೆ. ತನ್ನ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ನೋಡುವ ರೈತನಿಗೆ ನನ್ನ ಈ ಲೇಖನದಿಂದ ಯಾವ ಸಮಾಧಾನವೂ ಸಿಗುವುದಿಲ್ಲ. ಆ ಕಾಲದಲ್ಲಿ ನಾವೆಲ್ಲ ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ತೊಡಿಸಿದ ಫಾಂಟುಗಳಿಂದ ಕೆಲಸ ಸಾಗಿಸಿದೆವು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಾವುದೋ ಲೆಕ್ಕದಲ್ಲಿ ಜೋಡಿಸುತ್ತಿತ್ತು. ಡಾಟ್‌ನೆಟ್ ಈ ವಿಷಯದಲ್ಲಿ ಖಂಡಿತ ಮೇಲು. ಅದನ್ನು ಒಪ್ಪದೆ ವಾದ ಮಾಡುವುದು ವಕೀಲಿಕೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಇಷ್ಟು. ದತ್ತಾಂಶದ ಕಡತ ಆಕ್ಸೆಸ್ 2000 ಮಾದರಿಯದು, ಅದಕ್ಕೆ ಯುನಿಕೋಡ್ ಗೊತ್ತು. ರೈತರ ಕನ್ನಡ ಹೆಸರಿಗೆ ಬೇರೆ ಕಾಲಂ ಮಾಡಿ, ಅದನ್ನು ತುಂಬಲು, ವರ್ಷದ ಕೊನೆಗೆ ಕನ್ನಡದಲ್ಲಿ ಲೆಕ್ಕದ ಪ್ರತಿ ತೆಗೆಯಲು ಪೈಥಾನ್ 3ರಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಹಳೆಯದು ತನ್ನ ಕೆಲಸ ಮಾಡಲಿ, ಆಗದ್ದನ್ನು ಹೊಸದು ಮಾಡಲಿ. ಇಡೀ ಮನೆ ಕೆಡವಬೇಕಾಗಿ ಬರಲಿಲ್ಲ.

ಪೈಥಾನ್ ಹೆಸರು ಬಂದದ್ದರಿಂದ ಅದನ್ನೂ ಇಲ್ಲಿ ನೋಡಬೇಕು. ಅಲ್ಲೂ ಇಂಥದ್ದೇ ಒಂದು ಬಿರುಕು ಬಂದಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಹಳೆಯ ಪೈಥಾನ್ 2ರ ಪ್ರೋಗ್ರಾಂಗಳನ್ನು ಹಾಗೆಯೇ ಓಡಿಸುತ್ತಿರಲಿಲ್ಲ. ಜನ ಬೈದರು, ವರ್ಷಗಟ್ಟಲೆ ಕದಲಲಿಲ್ಲ. ಆದರೆ ಹೊಸದು ಏನು ಕೊಟ್ಟಿತು ನೋಡಿ. ಪೈಥಾನ್ 2ರಲ್ಲಿ ಸಾಮಾನ್ಯ ರೀತಿಯಲ್ಲಿ ‘ಕನ್ನಡ’ ಎಂದು ಬರೆದು ಅದರ ಉದ್ದ ಎಷ್ಟು ಎಂದು ಕೇಳಿದರೆ 15 ಎನ್ನುತ್ತಿತ್ತು, ಯಾಕೆಂದರೆ ಅದು ಎಣಿಸುತ್ತಿದ್ದುದು ಬೈಟ್‌ಗಳನ್ನು. ಪೈಥಾನ್ 3 ಐದು ಎನ್ನುತ್ತದೆ: ಕ, ನ, ವಿರಾಮದ ಕೊಂಡಿ, ನ, ಡ. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಸರಿ, ಅಷ್ಟು ದೂರ ಅದಿನ್ನೂ ಬಂದಿಲ್ಲ. ಆದರೂ ಹದಿನೈದರಿಂದ ಐದಕ್ಕೆ ಬಂದದ್ದು ಅಕ್ಷರವನ್ನು ಅಕ್ಷರವೆಂದು ನೋಡಲು ಕಲಿತದ್ದರಿಂದ. ಜೊತೆಗೆ ಅವರು ಅವಧಿ ಕೊಟ್ಟರು. ಪೈಥಾನ್ 2ರ ಬೆಂಬಲವನ್ನು 2015ಕ್ಕೆ ನಿಲ್ಲಿಸುತ್ತೇವೆಂದವರು, ಜನ ಸಿದ್ಧರಿಲ್ಲವೆಂದು 2020ರ ಜನವರಿ 1ರವರೆಗೆ ಎಳೆದರು. ಹನ್ನೊಂದು ವರ್ಷದ ಮೇಲೆ. ವಿಬಿ 6ರವರಿಗೆ ಸಿಕ್ಕಿದ್ದು, ಹೊಸದು ಬಂದ ದಿನದಿಂದ ಮುಖ್ಯ ಬೆಂಬಲ ನಿಲ್ಲುವ ದಿನಕ್ಕೆ, ಮೂರು ವರ್ಷ ಚಿಲ್ಲರೆ. ನೋವು ಎರಡೂ ಕಡೆ ಇತ್ತು, ಆದರೆ ಒಂದು ಕಡೆ ಕೈಗೆ ಏನೋ ಬಂತು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ನನ್ನ ಲೇಖನ ತೋರಿಸಿ ಟರ್ಬೊ ಸಿ++ ಅನ್ನು ಸಮರ್ಥಿಸಿಕೊಳ್ಳುವವರು ಹುಟ್ಟಿಕೊಳ್ಳಬಹುದು ಎಂಬ ಭಯ ನನಗಿದೆ. ಬೋರ್ಲಂಡ್ ಕಂಪನಿಯ ಆ ನೀಲಿ ಪರದೆ 1990ರದು. ಸಿ++ ಭಾಷೆಗೆ ಅಧಿಕೃತ ಮಾನದಂಡ ಬಂದದ್ದು 1998ರಲ್ಲಿ. ಅಂದರೆ ಮಾನದಂಡ ಹುಟ್ಟುವ ಮೊದಲಿನ ಭಾಷೆಯನ್ನು ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ, ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದ ಹೊಟ್ಟೆಯೊಳಗಿಟ್ಟು, ವರ್ಷಾನುಗಟ್ಟಲೆ ಕಲಿಸಿದರು. ‘ಐಓಸ್ಟ್ರೀಮ್ ಡಾಟ್ ಹೆಚ್’, ‘ಕೋನಿಯೋ ಡಾಟ್ ಹೆಚ್’, ‘ಕ್ಲಿಯರ್ ಸ್ಕ್ರೀನ್’, ಕೊನೆಗೆ ‘ಗೆಟ್‌ಸಿಎಚ್’. ಹುಡುಗರಿಗೆ ಇದು ಮಂತ್ರದ ಹಾಗೆ ಬಾಯಿಪಾಠ. ಕೆಲಸಕ್ಕೆ ಹೋಗಿ ಇಂದಿನ ಕಂಪೈಲರಿಗೆ ಕೊಟ್ಟರೆ ಮೊದಲ ಸಾಲಿನಲ್ಲೇ ಇದು ಯಾವುದೆಂದು ಕೇಳುತ್ತದೆ. 32767ಕ್ಕೆ ಒಂದು ಕೂಡಿಸಿದರೆ ಮೈನಸ್ 32768 ಬರುತ್ತದೆ ಎಂಬುದನ್ನು ಭಾಷೆಯ ನಿಯಮವೆಂದೇ ನಂಬಿದವರನ್ನು ನಾನು ನೋಡಿದ್ದೇನೆ. ಅದು ಆ ಯಂತ್ರದ, ಆ ಕಾಲದ ಮಿತಿ.

ಇದೂ ಹಳೆಯದಕ್ಕೆ ಅಂಟಿಕೊಳ್ಳುವುದೇ. ಆದರೆ ಅಂಟಿಕೊಂಡವರು ಯಾರು? ಹೊಸದನ್ನು ಬಳಸಿ ನೋಡಿ ಬೇಡವೆಂದವರಲ್ಲ. ಪ್ರಶ್ನೆಪತ್ರಿಕೆ ಹಾಗಿದೆ, ಲ್ಯಾಬ್ ರೆಕಾರ್ಡು ಹಾಗಿದೆ, ಮೇಷ್ಟರು ಕಲಿತದ್ದು ಹಾಗೆ. ಅದರ ಬೆಲೆ ತೆತ್ತದ್ದು ಮಾತ್ರ ಆಯ್ಕೆಯಲ್ಲಿ ಮಾತೇ ಇಲ್ಲದ ಹುಡುಗರು. ವಿಬಿ 6 ಬಿಡದ ನಾನು ಡಾಟ್‌ನೆಟ್ ಕಲಿತಿದ್ದೇನೆ, ಅದರಲ್ಲಿ ಎರಡು ಕೆಲಸ ಮುಗಿಸಿ ಕೊಟ್ಟಿದ್ದೇನೆ. ಕಲಿತು ಬೇಡವೆನ್ನುವವನಿಗೂ ಕಲಿಯದೆ ಬೇಡವೆನ್ನುವವನಿಗೂ ವ್ಯತ್ಯಾಸ ಇದೆ. ಹೊಸದರ ವಕ್ತಾರರು ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ.

ತಂತ್ರಾಂಶ ಎಂದರೆ ಬದಲಾಗುತ್ತಲೇ ಇರಬೇಕು, ನಿಂತರೆ ಕೊಳೆಯುತ್ತದೆ ಎಂಬ ನಂಬಿಕೆಗೆ ನನ್ನ ಉತ್ತರ ಟೆಕ್. ಡೊನಾಲ್ಡ್ ನುತ್ ಎಂಬ ಗಣಕವಿಜ್ಞಾನಿ ತಮ್ಮ ಪುಸ್ತಕಗಳ ಅಚ್ಚು ಚೆನ್ನಾಗಿ ಬರಲಿಲ್ಲವೆಂದು ಬೇಸತ್ತು 1978ರ ಹೊತ್ತಿಗೆ ಶುರು ಮಾಡಿದ ಪುಟ ಜೋಡಣೆಯ ತಂತ್ರಾಂಶ ಅದು. ಒಂದು ಹಂತದಲ್ಲಿ ಅವರು, ಇನ್ನು ಇದಕ್ಕೆ ಹೊಸದೇನೂ ಸೇರಿಸುವುದಿಲ್ಲ, ತಪ್ಪುಗಳನ್ನು ಮಾತ್ರ ತಿದ್ದುತ್ತೇನೆ ಎಂದು ತೀರ್ಮಾನಿಸಿದರು. ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಗೂ ಪೈ ಬೆಲೆಯ ಕಡೆಗೆ ಒಂದು ಅಂಕಿ ಹತ್ತಿರವಾಗುತ್ತದೆ. 2021ರದು 3.141592653. ತಾವು ಸತ್ತ ಮೇಲೆ ಸಂಖ್ಯೆಯನ್ನು ಪೈ ಎಂದೇ ಮಾಡಿ, ಆಮೇಲೆ ಉಳಿದ ದೋಷಗಳೆಲ್ಲ ಅದರ ಲಕ್ಷಣಗಳೇ ಎಂದುಕೊಳ್ಳಿ ಎಂದು ಹೇಳಿಟ್ಟಿದ್ದಾರೆ. ಜಗತ್ತಿನ ಗಣಿತದ ಪ್ರಬಂಧಗಳು ಇವತ್ತಿಗೂ ಅದರ ಮೇಲೆ ಕಟ್ಟಿದ ಉಪಕರಣಗಳಲ್ಲೇ ಅಚ್ಚಾಗುತ್ತವೆ. ಬೇಕಾದವರು ಅದರ ಮೇಲೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಕಟ್ಟಿಕೊಂಡರು. ತಳಪಾಯ ಅಲುಗಲಿಲ್ಲ.

ಇನ್ನೊಂದು ಸಂಗತಿ ಉಂಟು, ಅದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. 2002ರಲ್ಲಿ ಮಾತು ಕೇಳಿ, ಕಷ್ಟಪಟ್ಟು, ತಮ್ಮ ಪ್ರೋಗ್ರಾಂಗಳನ್ನೆಲ್ಲ ಡಾಟ್‌ನೆಟ್‌ಗೆ ಬದಲಿಸಿಕೊಂಡ ವಿಷುಯಲ್ ಬೇಸಿಕ್ ಜನ ಇದ್ದರಲ್ಲ, ಅವರಿಗೆ 2020ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಒಂದು ಪ್ರಕಟಣೆ ಕೊಟ್ಟಿತು. ವಿಷುಯಲ್ ಬೇಸಿಕ್ ಅನ್ನು ಒಂದು ಭಾಷೆಯಾಗಿ ಇನ್ನು ಮುಂದೆ ಬೆಳೆಸುವ ಉದ್ದೇಶವಿಲ್ಲ ಎಂದು. ಇದ್ದದ್ದು ಇರುತ್ತದೆ, ಹೊಸದೇನೂ ಬರುವುದಿಲ್ಲ. ವಿಧೇಯರಾಗಿ ಬಸ್ಸು ಹತ್ತಿದವರನ್ನು ಕೊನೆಗೂ ನಮ್ಮ ಸ್ಟಾಪಿನಲ್ಲೇ ಇಳಿಸಿದರು. ಅತ್ತ ಎಕ್ಸೆಲ್ ಒಳಗೆ ವಿಬಿಎ ಎಂಬ ಹೆಸರಿನಲ್ಲಿ ವಿಬಿ 6ರ ಒಡಹುಟ್ಟು ಇಂದಿಗೂ ಬದುಕಿದೆ. ಎಷ್ಟು ಕಚೇರಿಗಳ ತಿಂಗಳ ವರದಿ ಅದರ ಮೇಲೆ ನಿಂತಿದೆಯೋ!

ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ 1983ರ ಜಿಡಬ್ಲ್ಯು-ಬೇಸಿಕ್‌ನ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. 2024ರಲ್ಲಿ ಎಂಎಸ್-ಡಾಸ್ 4.0ರದನ್ನೂ ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಈ ಎರಡರಲ್ಲೂ ಇವತ್ತು ಯಾರ ಅಂಗಡಿಯೂ ನಡೆಯುತ್ತಿಲ್ಲ. ಜನ ವರ್ಷಗಳಿಂದ ಕೇಳುತ್ತಿರುವ, ಇಂದಿಗೂ ಪಟ್ಟಿ ಹೊಡೆಯುತ್ತಿರುವ ವಿಬಿ 6ರ ಸಂಕೇತವನ್ನು ಮಾತ್ರ ಕೊಟ್ಟಿಲ್ಲ. ಮ್ಯೂಸಿಯಮ್ಮಿಗೆ ಸೇರುವುದನ್ನು ದಾನ ಮಾಡಿ, ದುಡಿಯುತ್ತಿರುವುದನ್ನು ಬೀಗ ಹಾಕಿ ಇಟ್ಟುಕೊಂಡಂತಾಯಿತು. ನನ್ನ ಬೇಡಿಕೆ ಇಷ್ಟೇ: ನೀವು ಬೆಳೆಸುವುದಿಲ್ಲವೆಂದರೆ ಬಿಟ್ಟುಕೊಡಿ. ಉಳಿದದ್ದನ್ನು ಮಾಡುವವರು ಇದ್ದಾರೆ. ಅನುಮತಿಗೆ ಕಾಯದೆ ಶುರು ಮಾಡಿದವರೂ ಇದ್ದಾರೆ. ಟ್ವಿನ್‌ಬೇಸಿಕ್ ಎಂಬ ಹೊಸ ಉಪಕರಣ ವಿಬಿ 6ರ ಸಂಕೇತವನ್ನು ಹಾಗೆಯೇ ಓದಿ, 64 ಬಿಟ್‌ಗೂ ಯುನಿಕೋಡ್‌ಗೂ ಒಯ್ಯುವ ಪ್ರಯತ್ನದಲ್ಲಿದೆ. ಅದರಲ್ಲಿ ಮಂಡಿಯ ಪ್ರೋಗ್ರಾಂನ ಒಂದು ಫಾರಂ ತೆರೆದು ನೋಡಿದ್ದೇನೆ. ಇನ್ನೂ ಪೂರ್ತಿ ನಂಬುವಷ್ಟಾಗಿಲ್ಲ ಎಂದು ನನ್ನ ಅಂದಾಜು. ಆದಾಗ ಬದಲಿಸುತ್ತೇನೆ.

ಅಲ್ಲಿಯವರೆಗೆ ನನ್ನ ವಿಬಿ 6ರ ಸಿಡಿ ಇದೆ. ಅದನ್ನು ಹಾಕಿಕೊಳ್ಳಲು ತಿಂಗಳ ಬಾಡಿಗೆ ಕೊಡಬೇಕಿಲ್ಲ, ಇಂಟರ್‌ನೆಟ್ಟಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ, ಡಬ್ಬಿಯ ಮೇಲೆ ಅಂಟಿಸಿದ ಸಂಖ್ಯೆ ಹೊಡೆದರೆ ಸಾಕು. ಸಿಡಿ ಓದುವ ಡ್ರೈವ್ ಹೊಸ ಯಂತ್ರಗಳಲ್ಲಿ ಇಲ್ಲದ್ದರಿಂದ ಅದರ ನಕಲನ್ನು ಮೂರು ಕಡೆ ಇಟ್ಟಿದ್ದೇನೆ. ಒಂದು ಮಂಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.